ಮೇದಾರ ಓಣಿಯ ಬುಟ್ಟಿ: ಆರು ತಿಂಗಳು ಬಳಸಿದ ಮೇಲೆ

ನಮ್ಮ ಕಡೆ ಮನೆಗಳಲ್ಲಿ ಸುಮ್ನೆ ಜಾಗ ತಿನ್ನುವುದು ಅಂದರೆ ಉಡಿ ತುಂಬಿಸಿಕೊಂಡು ಬಂದ ಜಂಪರ್ ಪೀಸುಗಳು, ಅಂದರೆ ರವಿಕೆ ಬಟ್ಟೆಗಳು. ಮದುವೆ, ಕುಬಸ (ಸೀಮಂತ), ಗೃಹಪ್ರವೇಶ, ಎಲ್ಲಿಗೆ ಹೋದರೂ ಒಂದು ಪೀಸು, ಒಂದು ಕೊಬ್ಬರಿ ಬಟ್ಟಲು, ನಾಲ್ಕು ಉತ್ತತ್ತಿ. ಕೊಬ್ಬರಿ ಚಟ್ನಿಗೆ ಹೋಗುತ್ತದೆ, ಬಟ್ಟೆ ಮಾತ್ರ ಉಳಿಯುತ್ತದೆ. ಧಾರವಾಡದ ನಮ್ಮ ಮನೆಯ ಕಪಾಟಿನಲ್ಲಿ ಎಣಿಸಿದರೆ 63 ಇದ್ದವು. ಹೊಲಿಸಿದ್ದು ಎಷ್ಟು ಅಂತ ಕೇಳಬೇಡಿ.

ಮೊದಲು ಆನ್‌ಲೈನ್‌ನಲ್ಲಿ ಇವನ್ನು ಇಡಲು ಜಿಪ್ ಇರುವ ಬಟ್ಟೆ ಡಬ್ಬಿಗಳ ಸೆಟ್ ತರಿಸಿದ್ದೆ. ಎರಡೇ ತಿಂಗಳಿಗೆ ಜಿಪ್ ಬಾಯಿ ಬಿಟ್ಟಿತು, ತಳದ ರಟ್ಟು ತೇವಕ್ಕೆ ಮೆತ್ತಗಾಯಿತು. ಅದರ ಸಿಟ್ಟಿನಲ್ಲೇ ಮೇ ತಿಂಗಳಲ್ಲಿ ಹುಬ್ಬಳ್ಳಿಗೆ ಹೋದವಳು ದುರ್ಗದಬೈಲಿನಲ್ಲಿ ದಾರ, ಲಾಡಿ ತೆಗೆದುಕೊಂಡು, ಹಾಗೇ ಬಿದಿರು ಬುಟ್ಟಿ ಹೆಣೆಯುವವರ ಮೇದಾರ ಓಣಿಗೆ ಹೋದೆ.

ನಾನು ಕೊಂಡ ಅಂಗಡಿಗೆ ಬೋರ್ಡ್ ಇಲ್ಲ. ಮನೆಯ ಕಟ್ಟೆಯೇ ಅಂಗಡಿ. ಒಳಗಿನ ಗೋಡೆಯ ಮೇಲೆ ಮೇದಾರ ಕೇತಯ್ಯನವರ ಫೋಟೋ. 12ನೇ ಶತಮಾನದಲ್ಲಿ ಬಸವಣ್ಣನವರ ಜೊತೆಗಿದ್ದ, ಬುಟ್ಟಿ, ಮೊರ ಹೆಣೆಯುವುದನ್ನೇ ಕಾಯಕ ಮಾಡಿಕೊಂಡಿದ್ದ ಶರಣರು. ಅದರ ಕೆಳಗೆ ಕೂತ ಆಯಿ ಕೈಯಲ್ಲಿ ಕುಡುಗೋಲು ಹಿಡಿದು ಬಿದಿರನ್ನು ಸೀಳುತ್ತಿದ್ದರು. ನಾನು ಚೀಲದಿಂದ ಟೇಪ್ ತೆಗೆದು ಅಳೆಯೋಕೆ ಶುರು ಮಾಡಿದೆ. ಅವರು ನಕ್ಕುಬಿಟ್ಟರು. ‘ಯವ್ವಾ, ಬುಟ್ಟಿ ಏನ್ ಫ್ಯಾಕ್ಟರ್ಯಾಗ ಹುಟ್ಟೈತೇನು? ನಿನ್ನ ಕಪಾಟಿನ ಅಳತಿ ಹೇಳಿ ಹೋಗು, ಹೆಣದು ಇಡ್ತೀನಿ.’

ಹದಿನೆಂಟು ಇಂಚು ಉದ್ದ, ಹನ್ನೆರಡು ಅಗಲ ಅಂತ ಹೇಳಿ ಬಂದೆ. ನಾಲ್ಕು ದಿನ ಅಂದಿದ್ದರು, ಹನ್ನೊಂದು ದಿನ ಆಯ್ತು. ಮೂರು ಚೌಕ ಬುಟ್ಟಿ, ಎರಡು ಸಣ್ಣ ದುಂಡನೆಯವು, ಸೇರಿ 900 ರೂಪಾಯಿ. ಚೌಕಾಸಿ ಮಾಡಲಿಲ್ಲ, ಬಿದಿರು ಸೀಳಿ ಸೀಳಿ ಬಿರುಕು ಬಿಟ್ಟ ಆ ಬೆರಳುಗಳನ್ನು ನೋಡಿದ ಮೇಲೆ ಬಾಯಿ ಬರಲಿಲ್ಲ. ಐದನ್ನೂ ಹಿಡಿದು ಚಿಗರಿ ಬಸ್ಸಿನಲ್ಲಿ ಧಾರವಾಡದವರೆಗೆ ನಿಂತುಕೊಂಡು ಬಂದೆ. ಎಲ್ಲರೂ ‘ಎಷ್ಟಕ್ಕ ಕೊಟ್ರಿ’ ಅಂತ ಕೇಳುವವರೇ.

ಮೂರೂ ಬುಟ್ಟಿ ಒಂದೇ ಅಳತೆಗೆ ಇಲ್ಲ, ಒಂದು ಅರ್ಧ ಇಂಚು ಜಾಸ್ತಿ ಇದೆ, ಅದನ್ನು ಸ್ವಲ್ಪ ಓರೆ ಮಾಡಿ ತಳ್ಳಬೇಕು. ಆದರೆ ಪೀಸುಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದ ಹಾಗೆ ನಿಲ್ಲಿಸಿ ಇಟ್ಟಿದ್ದೇನೆ, ಬೇಕಾದ ಬಣ್ಣ ಒಂದೇ ಕೈಗೆ ಸಿಗುತ್ತದೆ. ಕೆಳಗಿನದನ್ನು ಎಳೆದು ಮೇಲಿನದೆಲ್ಲ ಬೀಳಿಸುವ ಕೆಲಸ ತಪ್ಪಿತು. ಗಾಳಿ ಆಡುವುದರಿಂದ ಮುಗ್ಗಲು ವಾಸನೆಯೂ ಇಲ್ಲ.

ಈಗ ದೂರು. ಒಂದನೆಯದು ಸಿಬಿರು. ಒಳಗೆ ಅಸ್ತರಿ ಹಾಕದೆ ಬಟ್ಟೆ ಇಟ್ಟರೆ ರೇಷ್ಮೆಯ ಎಳೆ ಕಿತ್ತು ಬರುತ್ತದೆ, ನನ್ನದು ಒಂದು ಹೋಯಿತು. ಎರಡನೆಯದು ಹುಳ. ಜುಲೈನಲ್ಲಿ ಒಂದು ಬುಟ್ಟಿಯ ಕೆಳಗೆ ರವೆಯಂಥ ಹಳದಿ ಪುಡಿ ಬಿದ್ದಿತ್ತು. ಬಿದಿರಿನಲ್ಲಿ ಪಿಷ್ಟ ಇರುತ್ತದೆ, ಹುಳ ಬರುವುದು ಅದಕ್ಕೇ. ಕಡಿದ ಬಿದಿರನ್ನು ಕೆಲವು ವಾರ ನೀರಿನಲ್ಲಿ ನೆನೆಹಾಕಿದರೆ ಪಿಷ್ಟ ಬಿಟ್ಟು ಹೋಗುತ್ತದೆ. ನನ್ನ ಬುಟ್ಟಿಗೆ ಅದು ಆಗಿರಲಿಲ್ಲ ಅನಿಸುತ್ತದೆ. ಎರಡು ದಿನ ಬಿಸಿಲಿಗೆ ಇಟ್ಟು ಬೇವಿನ ಎಣ್ಣೆ ಸವರಿದೆ, ಆಮೇಲೆ ಪುಡಿ ಬೀಳಲಿಲ್ಲ. ವಾಸನೆ ಹೋಗಲು ಮಾತ್ರ ವಾರ ಬೇಕಾಯಿತು. ಕೊಳ್ಳುವಾಗಲೇ ಬುಟ್ಟಿಯನ್ನು ನೆಲಕ್ಕೆ ತಟ್ಟಿ ನೋಡಿ, ಪುಡಿ ಉದುರಿದರೆ ಬೇಡ.

ಎರಡು ಸಣ್ಣ ಬುಟ್ಟಿ ತಂದಿದ್ದು ಉಡುಗೊರೆಗೆ. ಗದಗಿನ ಚಿಕ್ಕಮ್ಮನ ಮಗಳ ಕುಬಸಕ್ಕೆ ಅಂಗಡಿಯ ಗಿಫ್ಟ್ ಬೇಡ ಅನಿಸಿತು. ಆ 63ರಲ್ಲೇ ಒಂದು ಕಡುಗೆಂಪು ಖಣ ತೆಗೆದು, ಒಳಬದಿಗೆ ಹಳೇ ಕಾಟನ್ ಸೀರೆ ಕೊಟ್ಟು ಅಸ್ತರಿ ಹೊಲಿದೆ. ಖಣದ ಅಂಚು ಬುಟ್ಟಿಯ ಬಾಯಿಯ ಮೇಲೆ ಮಡಚಿ ಹೊರಗೆ ಮೂರು ಬೆರಳು ಕಾಣಬೇಕು, ಚಂದ ಇರುವುದೇ ಅಲ್ಲಿ. ಮೊದಲು ಅಂಟು ಹಚ್ಚಿ ನೋಡಿದೆ, ಸಂಜೆಗೆ ಕಿತ್ತು ಬಂತು. ಆಮೇಲೆ ನಾಲ್ಕು ಕಡೆ ಲಾಡಿ ಹೊಲಿದು ಬಿದಿರಿನ ಸಂದಿಯಲ್ಲಿ ತೂರಿಸಿ ಗಂಟು ಹಾಕಿದೆ. ಬಿಚ್ಚಿ ತೊಳೆಯಬಹುದು. ಹೆಸರಿನ ಚೀಟಿ ಬದಲು ಅಂಗೈ ಅಗಲದ ಬಟ್ಟೆಯ ಮೇಲೆ ಕಸೂತಿಯ ಗವಂತಿ ಹೊಲಿಗೆಯಲ್ಲಿ ಒಂದು ತುಳಸಿಕಟ್ಟೆ. ಗವಂತಿಯಲ್ಲಿ ಗಂಟು ಹಾಕುವಂತಿಲ್ಲ, ಹೋದ ದಾರ ತಿರುಗಿ ಬಂದು ಖಾಲಿ ಜಾಗ ತುಂಬುತ್ತದೆ, ಎರಡೂ ಬದಿ ಒಂದೇ ಥರ ಕಾಣುತ್ತದೆ. ನನ್ನದು ಹಿಂದಿನ ಬದಿ ಸ್ವಲ್ಪ ತಪ್ಪಿದೆ, ಯಾರೂ ತಿರುಗಿಸಿ ನೋಡಲಿಲ್ಲ.

ಒಳಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಒಂದೊಂದು ಗಾಜಿನ ಬಾಟಲಿ, ಜೊತೆಗೆ ಹನ್ನೆರಡು ಶೇಂಗಾ ಹೋಳಿಗೆ. ಮಗು ಹುಟ್ಟಿದ ಮೇಲೆ ಲಂಗೋಟಿ, ಕುಲಾಯಿ ಇಡಲು ಬುಟ್ಟಿ ಬರುತ್ತದೆ ಅಂತ ನನ್ನ ಲೆಕ್ಕ.

ಬುಟ್ಟಿಯನ್ನು ನನಗೆ ವಾಪಸ್ ಕೊಡಬೇಕು ಅಂತ ಚಿಕ್ಕಮ್ಮ ಅಂದುಕೊಂಡಿದ್ದಾಳೆ. ಹೋದ ವಾರ ಯಾರದೋ ಕೈಯಲ್ಲಿ ಕಳಿಸಿದಳು. ಖಾಲಿ ಕಳಿಸಬಾರದಲ್ವಾ, ಅದಕ್ಕೆ ಒಳಗೆ ಒಂದು ಕೊಬ್ಬರಿ ಬಟ್ಟಲು, ಐದು ಉತ್ತತ್ತಿ, ಮೇಲೆ ಹೊಸದೊಂದು ಜಂಪರ್ ಪೀಸು.