ಹೊಸ ಆಲ್ಟರ್ನೇಟರ್ ಬಿಟ್ಟು ರೀಮ್ಯಾನ್ ಹಾಕಿಸಿದೆ: ಒಂದು ಮಳೆಗಾಲ ಓಡಿಸಿದ ಮೇಲೆ

ಕಾರು 2014ರ ವ್ಯಾಗನ್ ಆರ್, ಕೆ10 ಎಂಜಿನ್ನಿನದು. ಓಡಾಟ ಮೂಡಿಗೆರೆ, ಕೊಟ್ಟಿಗೆಹಾರ, ಆಗಾಗ ಚಾರ್ಮಾಡಿ ಇಳಿದು ಉಜಿರೆಯ ತವರುಮನೆ. ಮಳೆಗಾಲದಲ್ಲಿ ಈ ದಾರಿಗೆ ಹಗಲಲ್ಲೂ ಹೆಡ್‌ಲೈಟ್ ಬೇಕು. ವೈಪರ್ ನಿಲ್ಲಿಸುವ ಹಾಗಿಲ್ಲ. ಗಾಜಿಗೆ ಹಬೆ ಹಿಡಿಯದಿರಲು ಬ್ಲೋವರ್ ಓಡುತ್ತಲೇ ಇರಬೇಕು. ಇಷ್ಟಕ್ಕೂ ಕರೆಂಟ್ ಬರುವುದು ಆಲ್ಟರ್ನೇಟರ್‌ನಿಂದ. ಘಾಟಿಯ ನಡುವೆ ಅದು ಕೈಕೊಟ್ಟರೆ ಬ್ಯಾಟರಿಯ ಮೇಲೆ ಸ್ವಲ್ಪ ಹೊತ್ತು ಓಡಬಹುದು. ಆಮೇಲೆ ಲೈಟು ಮಂಕಾಗುತ್ತದೆ, ಕೊನೆಗೆ ಎಂಜಿನ್ನೇ ನಿಲ್ಲುತ್ತದೆ. ಹಾಗಾಗಿ ಅಗ್ಗಕ್ಕೆ ಸಿಕ್ಕಿತು ಅಂತ ಯಾವುದೋ ಒಂದನ್ನು ಹಾಕಿಸುವ ಮನಸ್ಸು ನನಗಿರಲಿಲ್ಲ. ಕೊನೆಗೆ ಹಾಕಿಸಿದ್ದು ರೀಮ್ಯಾನ್, ಅಂದರೆ ಹಳೇದನ್ನು ಬಿಚ್ಚಿ ಸವೆದ ಭಾಗ ಬದಲಿಸಿ ಮರುತಯಾರಿಸಿದ್ದು.

2025ರ ಬೇಸಿಗೆಯಲ್ಲಿ ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಮಿಣುಕಲು ಶುರುವಾಯಿತು. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಸೆಲ್ಫ್ ಎಳೆಯುತ್ತಿರಲಿಲ್ಲ. ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ ಹುಡುಗ ಮೊದಲು ಬೆಲ್ಟ್ ಎಳೆದು ನೋಡಿದ, ಬ್ಯಾಟರಿ ಟರ್ಮಿನಲ್ ಉಜ್ಜಿದ, ಅರ್ಥ್ ವೈರ್ ಪರೀಕ್ಷಿಸಿದ. ಈ ಮೂರನ್ನು ನೋಡದೆ ಆಲ್ಟರ್ನೇಟರ್ ಹೋಗಿದೆ ಅನ್ನುವವರ ಮಾತು ಕೇಳಬೇಡಿ. ಆಮೇಲೆ ಮಲ್ಟಿಮೀಟರ್ ಇಟ್ಟ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು. ನನ್ನದು 12.3 ತೋರಿಸುತ್ತಿತ್ತು. ಮೀಟರನ್ನು ಎಸಿಗೆ ತಿರುಗಿಸಿದಾಗ ಅಲ್ಲೂ ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂತು. ಅಂದರೆ ಡಯೋಡ್ ಕೆಟ್ಟಿದೆ. ಆಲ್ಟರ್ನೇಟರ್ ಒಳಗೆ ಹುಟ್ಟುವುದು ಎಸಿ ಕರೆಂಟೇ, ಅದನ್ನು ಡಿಸಿ ಮಾಡುವುದು ಡಯೋಡ್. ಅದು ಕೆಟ್ಟರೆ ನಿಲ್ಲಿಸಿದ ಕಾರಿನಲ್ಲೂ ಕರೆಂಟ್ ಹಿಂದಕ್ಕೆ ಹರಿದು ಬ್ಯಾಟರಿ ಖಾಲಿಯಾಗುತ್ತದೆ.

ಬರೀ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು) ಅಥವಾ ಬೇರಿಂಗ್ ಹೋಗಿದ್ದರೆ ಊರಲ್ಲೇ ಹಾಕಿಸಿಕೊಳ್ಳುತ್ತಿದ್ದೆ. ಅದಕ್ಕಿಂತ ಒಳ್ಳೆ ದಾರಿ ಇಲ್ಲ, ಕೆಲಸ ಕಣ್ಣೆದುರೇ ಆಗುತ್ತದೆ. ಆದರೆ ಬಿಚ್ಚಿದಾಗ ಸ್ಟೇಟರ್ ಕಾಯಿಲ್, ಅಂದರೆ ಕರೆಂಟ್ ಹುಟ್ಟುವ ತಂತಿಯ ಸುತ್ತು, ಒಂದು ಕಡೆ ಪೂರ್ತಿ ಕರಕಲಾಗಿತ್ತು, ಮೂಗಿಗೆ ಹಿಡಿದರೆ ಸುಟ್ಟ ವಾರ್ನಿಷ್ ವಾಸನೆ. ಕಾಯಿಲ್ ಸುತ್ತಿಸಿ, ಡಯೋಡ್ ಪ್ಲೇಟ್ ಹಾಕಿಸಿ, ಮತ್ತೆ ಬೇರಿಂಗ್ ಬದಲಿಸುವ ಹೊತ್ತಿಗೆ ಖರ್ಚು ರೀಮ್ಯಾನ್ ಯೂನಿಟ್ಟಿನ ಹತ್ತಿರಕ್ಕೆ ಹೋಗುತ್ತಿತ್ತು.

ಮೊದಲು ಪಕ್ಕದ ಊರಿನ ಒಬ್ಬ ವ್ಯಾಪಾರಿಯ ಹತ್ತಿರ 2,800 ರೂಪಾಯಿಗೆ ಒಂದು ಸಿಕ್ಕಿತು. ರೀಮ್ಯಾನ್ ಅಂತಲೇ ಹೇಳಿದರು. ಬೆಳ್ಳಿ ಬಣ್ಣ ಫಳಫಳ ಹೊಳೆಯುತ್ತಿತ್ತು. ದುಡ್ಡು ಕೊಡುವ ಮುಂಚೆ ನಮ್ಮ ಹುಡುಗನಿಗೆ ತೋರಿಸುತ್ತೇನೆ ಅಂದೆ, ಒಪ್ಪಿದರು. ಅವನು ಹಿಂದಿನ ಮುಚ್ಚಳ ತೆಗೆದು ಬ್ರಷ್ ಹೋಲ್ಡರ್ ಬಿಚ್ಚಿದ. ಬ್ರಷ್ ಅರ್ಧಕ್ಕರ್ಧ ಸವೆದಿತ್ತು. ಬ್ರಷ್ ಉಜ್ಜುವ ಬಳೆಗಳಾದ ಸ್ಲಿಪ್ ರಿಂಗ್ ಮೇಲೆ ಉಗುರು ಆಡಿಸಿ ನೋಡಿ ಅಕ್ಕಾ ಅಂದ. ಬ್ರಷ್ ಉಜ್ಜಿ ಉಜ್ಜಿ ಎರಡು ಗೀರು ಬಿದ್ದಿತ್ತು, ಉಗುರು ಸಿಕ್ಕಿಕೊಳ್ಳುವಷ್ಟು ಆಳ. ಗಾಳಿ ಹೋಗುವ ಕಿಂಡಿಗಳಲ್ಲಿ ಒಣಗಿದ ಕೆಮ್ಮಣ್ಣು, ಅದರ ಮೇಲೆಯೇ ಬಣ್ಣ. “ಇದನ್ನ ಯಾರೂ ಬಿಚ್ಚೇ ಇಲ್ಲ ಅಕ್ಕಾ, ಸುಮ್ನೆ ಸ್ಪ್ರೇ ಹೊಡ್ದಿದಾರೆ” ಅಂದ. ಅವತ್ತೇ ವಾಪಸ್ ಕೊಟ್ಟೆ. ಸೋರುವ ಮನೆಗೆ ಸುಣ್ಣ ಹೊಡೆದು ಬಾಡಿಗೆಗೆ ಕೊಟ್ಟ ಹಾಗೆ ಇದು. ಮಳೆಗಾಲದ ಘಾಟಿಗೆ ಇಂಥದ್ದನ್ನು ಮಾರುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಕೊನೆಗೆ ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದೆ. ಅಲ್ಲಿ ಸಾಲು ಸಾಲು ಬಿಡಿಭಾಗದ ಅಂಗಡಿಗಳು. ಆಲ್ಟರ್ನೇಟರ್ ಮಾಡುವ ಲ್ಯೂಕಾಸ್ ಟಿವಿಎಸ್, ಡೆನ್ಸೊ, ವ್ಯಾಲಿಯೊ, ಬಾಷ್ ಎಲ್ಲ ಹೆಸರೂ ಬೋರ್ಡಿನ ಮೇಲೆ ಕಾಣುತ್ತವೆ. ಒಂದು ವಿಷಯ ಗೊತ್ತಿರಲಿ. ಬಾಷ್‌ನ ಸ್ಟಾರ್ಟರ್ ಮತ್ತು ಜನರೇಟರ್ ವ್ಯವಹಾರ 2018ರಲ್ಲಿ ಬೇರೆಯವರ ಕೈಗೆ ಹೋಗಿ ಎಸ್‌ಇಜಿ ಆಟೋಮೋಟಿವ್ ಆಗಿದೆ. ಹಾಗಾಗಿ ಎಸ್‌ಇಜಿ ಹೆಸರಿನ ಲೇಬಲ್ ಕಂಡರೆ ನಕಲಿ ಅಂತ ಗಾಬರಿ ಬೀಳಬೇಡಿ. ನಾನು ಹೋದ ಅಂಗಡಿಯಲ್ಲಿ ಹೊಸದಕ್ಕೆ ಎಂಟೂವರೆ ಸಾವಿರದ ಆಸುಪಾಸು ಹೇಳಿದರು. ಕಾರ್ಖಾನೆಯಲ್ಲೇ ಮರುತಯಾರಾದ ರೀಮ್ಯಾನ್ ಯೂನಿಟ್ಟಿಗೆ ಹಳೇದನ್ನು ಕೊಟ್ಟರೆ 5,200. ಹೊಸದಕ್ಕೆ ವಾರಂಟಿ ಒಂದು ವರ್ಷ, ಇದಕ್ಕೆ ಆರು ತಿಂಗಳು.

ನಾನು ರೀಮ್ಯಾನ್ ಕಡೆ ವಾಲಿದ್ದು ಬೆಲೆಗಿಂತ ಆ ಡಬ್ಬದೊಳಗಿದ್ದ ಚೀಟಿ ನೋಡಿ. ಎರಡೂ ಬೇರಿಂಗ್, ಬ್ರಷ್, ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್, ಡಯೋಡ್ ಪ್ಲೇಟ್ ಹೊಸದು ಅಂತ ಒಂದೊಂದಾಗಿ ಬರೆದಿತ್ತು. ಸ್ಲಿಪ್ ರಿಂಗ್ ಕೂಡ ಬದಲಿಸಿದ್ದರು. ಲೋಡ್ ಕೊಟ್ಟು ಪರೀಕ್ಷೆ ಮಾಡಿದ ಅಳತೆಗಳೂ ಇದ್ದವು. ಬಾಕಿ ಉಳಿದಿದ್ದು ಅಲ್ಯೂಮಿನಿಯಂ ಕವಚ ಮತ್ತು ಒಳಗೆ ತಿರುಗುವ ರೋಟರ್. ಅವೇನು ಬೇಗ ಸವೆಯುವ ವಸ್ತುಗಳಲ್ಲ. ಪುಲ್ಲಿ ಕೈಯಲ್ಲಿ ತಿರುಗಿಸಿದರೆ ಸದ್ದಿಲ್ಲ, ಅಲ್ಲಾಟ ಇಲ್ಲ. ಬೇರಿಂಗ್ ಬಗ್ಗೆ ನಾನು ಇಷ್ಟು ಹೇಳುವುದಕ್ಕೆ ಕಾರಣ ಇದೆ. ಎಂಜಿನ್ ಒಂದು ಸುತ್ತು ತಿರುಗುವಷ್ಟರಲ್ಲಿ ಆಲ್ಟರ್ನೇಟರ್ ಎರಡರಿಂದ ಮೂರು ಸುತ್ತು ತಿರುಗುತ್ತದೆ. ಹಳೇ ಬೇರಿಂಗ್ ಅಷ್ಟು ವೇಗಕ್ಕೆ ಕೂಗಲು ಶುರು ಮಾಡುತ್ತದೆ.

ಹೊಂದಾಣಿಕೆ ನೋಡುವಾಗ ಅವಸರ ಮಾಡಬೇಡಿ. ಕಾರಿನ ಹೆಸರು ಹೇಳಿದರೆ ಸಾಲದು. ಹಳೇ ಯೂನಿಟ್ಟಿನ ಮೇಲಿನ ಪಾರ್ಟ್ ನಂಬರ್, ಆಂಪ್ಸ್ (ಎಷ್ಟು ಕರೆಂಟ್ ಕೊಡಬಲ್ಲದು ಅನ್ನುವ ಅಳತೆ), ಪ್ಲಗ್ಗಿನ ಪಿನ್ನುಗಳು, ಪುಲ್ಲಿಯಲ್ಲಿ ಬೆಲ್ಟ್ ಕೂರುವ ಗೆರೆಗಳು, ಬೋಲ್ಟ್ ಹಾಕುವ ಕಿವಿ, ಎಲ್ಲ ಒಂದೇ ಇರಬೇಕು. ಆಂಪ್ಸ್ ಕಡಿಮೆ ಇರುವುದನ್ನು “ನಡೆಯುತ್ತೆ ಮೇಡಂ” ಅಂತ ಕೊಟ್ಟರೆ ಒಪ್ಪಬೇಡಿ. ಬಿಸಿಲಲ್ಲಿ ನಡೆದೀತು, ಮಳೆಯಲ್ಲಿ ನಡೆಯುವುದಿಲ್ಲ.

ಹಾಕುವ ಮುಂಚೆ ನಮ್ಮ ಹುಡುಗ ಬ್ಯಾಟರಿಯನ್ನು ಹೊರಗೆ ತೆಗೆದು ಪೂರ್ತಿ ಚಾರ್ಜ್ ಮಾಡಿದ. ಖಾಲಿ ಬ್ಯಾಟರಿ ತುಂಬಿಸುವ ಭಾರ ಮೊದಲ ದಿನವೇ ಬಿದ್ದರೆ ಆಲ್ಟರ್ನೇಟರ್ ವಿಪರೀತ ಬಿಸಿಯಾಗುತ್ತದೆ. ಹಾಕಿದ ಮೇಲೆ ಮೀಟರ್ 14.2 ತೋರಿಸಿತು. ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲ ಹಾಕಿ ಎಂಜಿನ್ ಐಡಲ್‌ನಲ್ಲಿ ಬಿಟ್ಟಾಗ 13.6. ಎಸಿ ಅಳತೆ ಹೆಚ್ಚುಕಡಿಮೆ ಸೊನ್ನೆ. ಕೆಲವು ಕಡೆ ಎಂಜಿನ್ ಓಡುವಾಗಲೇ ಬ್ಯಾಟರಿ ಟರ್ಮಿನಲ್ ತೆಗೆದು, ಗಾಡಿ ನಿಲ್ಲಲಿಲ್ಲ ನೋಡಿ, ಚಾರ್ಜ್ ಆಗ್ತಿದೆ ಅಂತ ತೋರಿಸುತ್ತಾರೆ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಆ ಕ್ಷಣ ವೋಲ್ಟೇಜ್ ಚಿಮ್ಮಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಸುಟ್ಟರೆ ಆಲ್ಟರ್ನೇಟರ್‌ಗಿಂತ ದೊಡ್ಡ ಬಿಲ್ ಬರುತ್ತದೆ.

ಇಡೀ ಮಳೆಗಾಲ ಓಡಿಸಿದ್ದೇನೆ. ಬ್ಯಾಟರಿ ದೀಪ ಮತ್ತೆ ಕಾಣಿಸಿಲ್ಲ. ಜುಲೈನ ಮಂಜಿನಲ್ಲಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವಷ್ಟು ಹೊತ್ತೂ ಪಾರ್ಕಿಂಗ್ ಲೈಟ್ ಹಾಕಿಟ್ಟಿದ್ದೆ, ವಾಪಸ್ ಬಂದಾಗ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಕೊರತೆ ಇಲ್ಲ ಅಂತಲ್ಲ. ಹಿಂದಿನ ಪ್ಲಾಸ್ಟಿಕ್ ಮುಚ್ಚಳ ಹಳೇದೇ, ಒಂದು ಲಾಕ್ ಸಡಿಲ ಇತ್ತು, ಕೇಬಲ್ ಟೈ ಹಾಕಿಸಬೇಕಾಯಿತು. ಆರು ತಿಂಗಳ ವಾರಂಟಿ ನನಗೆ ಕಡಿಮೆ ಅನ್ನಿಸಿತು. ಇಷ್ಟು ಭಾಗ ಬದಲಿಸಿದ ಮೇಲೆ ಒಂದು ವರ್ಷ ಕೊಡಲು ಏನು ಕಷ್ಟ?

ಎಲ್ಲರಿಗೂ ಇದನ್ನೇ ತಗೊಳ್ಳಿ ಅನ್ನುವುದಿಲ್ಲ. ಹತ್ತು ವರ್ಷ ದಾಟಿದ ಸಾಧಾರಣ ಪೆಟ್ರೋಲ್ ಕಾರಿಗೆ, ಚೀಟಿ ಮತ್ತು ಬಿಲ್ ಇರುವ ರೀಮ್ಯಾನ್ ಧಾರಾಳವಾಗಿ ಸಾಕು. ಇನ್ನೂ ಎಂಟು ಹತ್ತು ವರ್ಷ ಇಟ್ಟುಕೊಳ್ಳುವ ಕಾರಾದರೆ ಹೊಸದಕ್ಕೇ ಹೋಗಿ. ಮಾರುತಿಯ ಸ್ಮಾರ್ಟ್ ಹೈಬ್ರಿಡ್ ಕಾರುಗಳಲ್ಲಿ ಆಲ್ಟರ್ನೇಟರ್ ಜಾಗದಲ್ಲಿ ಐಎಸ್‌ಜಿ (ಇಂಟಿಗ್ರೇಟೆಡ್ ಸ್ಟಾರ್ಟರ್ ಜನರೇಟರ್) ಇರುತ್ತದೆ. ಎಂಜಿನ್ ಸ್ಟಾರ್ಟ್ ಮಾಡುವ ಕೆಲಸವನ್ನೂ ಅದು ಮಾಡುತ್ತದೆ. ಅದಕ್ಕೆ ಊರ ಕಡೆಯ ರೀಕಂಡಿಷನ್ ಬೇಡವೇ ಬೇಡ. ಜೊತೆಗೆ 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ 28ರಿಂದ ಶೇ. 18ಕ್ಕೆ ಇಳಿದಿದೆ. ನಾನು ಕೊಂಡಿದ್ದು ಅದಕ್ಕೂ ಮುಂಚೆ. ಈಗ ಹೊಸದರ ಬೆಲೆ ಇನ್ನೊಮ್ಮೆ ಕೇಳಿ, ಎರಡರ ನಡುವಿನ ವ್ಯತ್ಯಾಸ ಎರಡು ಸಾವಿರದೊಳಗೆ ಬಂದರೆ ನಾನಾದರೂ ಹೊಸದನ್ನೇ ತರುತ್ತಿದ್ದೆ.

ಬಿಲ್ಲಿನಲ್ಲಿ ಪಾರ್ಟ್ ನಂಬರ್, ಸೀರಿಯಲ್ ನಂಬರ್, ವಾರಂಟಿಯ ಅವಧಿ ಮೂರನ್ನೂ ಬರೆಸಿಕೊಳ್ಳಿ. ಕೆಲವು ಯೂನಿಟ್ ಪುಲ್ಲಿ ಇಲ್ಲದೆ ಬರುತ್ತವೆ. ಡಬ್ಬ ಬಿಚ್ಚಿ ನೋಡಿ, ಇಲ್ಲದಿದ್ದರೆ ಹಳೇದನ್ನು ಅಂಗಡಿಯವರ ಕೈಗೆ ಕೊಡುವ ಮುಂಚೆ ಅದರ ಪುಲ್ಲಿ ಬಿಚ್ಚಿಸಿಟ್ಟುಕೊಳ್ಳಿ.