ವಯಸ್ಕರಿಗಾಗಿ ಪೌಷ್ಟಿಕತೆಯ ಮೊಬೈಲ್ ಕೋರ್ಸ್: ಚೆನ್ನಾಗಿ ಕಲಿಸುವುದೇನು, ಕೈಬಿಡುವುದೇನು

ವಯಸ್ಕರು ಹಣ್ಣು ತರಕಾರಿಗಳನ್ನು ಹೆಚ್ಚು ತಿನ್ನುವಂತೆ ಮಾಡುವುದೇ ತನ್ನ ಗುರಿಯೆಂದು ಹೇಳಿಕೊಳ್ಳುವ ಮೊಬೈಲ್ ಕೋರ್ಸೊಂದನ್ನು ಮೊದಲ ಪಾಠದಿಂದ ಕೊನೆಯ ಪರೀಕ್ಷೆಯವರೆಗೆ ಪೂರ್ತಿಯಾಗಿ ಮಾಡಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಪಾಠಗಳು ಚಿಕ್ಕವು, ಭಾಷೆ ತಿಳಿಯಾಗಿದೆ, ಚಿತ್ರಗಳು ಸ್ಪಷ್ಟವಾಗಿವೆ. ಇಂಥ ಕೋರ್ಸನ್ನು ಅಳೆಯಲು ನನಗೆ ಮುಖ್ಯವೆನಿಸುವ ಪ್ರಶ್ನೆ ಒಂದೇ: ಇಲ್ಲಿ ಕಲಿತದ್ದು ದಿನದ ಊಟದಲ್ಲಿ ಕಾಣಿಸಿಕೊಳ್ಳುತ್ತದೆಯೇ?

ಪೌಷ್ಟಿಕತೆಯ ತಿಳಿವಳಿಕೆಗೂ ಹಣ್ಣು ತರಕಾರಿಗಳ ಸೇವನೆಗೂ ಸಂಬಂಧವಿದೆ ಎಂಬುದಕ್ಕೆ ಆಧಾರಗಳಿವೆ. ಇಂಗ್ಲೆಂಡಿನ ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಕುರಿತು ಜೇನ್ ವಾರ್ಡಲ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿಳಿವಳಿಕೆಯ ಅಂಕಗಳಲ್ಲಿ ಮೇಲಿನ ಐದನೇ ಒಂದು ಭಾಗದಲ್ಲಿದ್ದವರು ಹಣ್ಣು, ತರಕಾರಿ ಮತ್ತು ಕೊಬ್ಬಿನ ಶಿಫಾರಸುಗಳನ್ನು ಪಾಲಿಸುವ ಸಾಧ್ಯತೆ ಕೆಳಗಿನ ಐದನೇ ಒಂದು ಭಾಗದವರಿಗಿಂತ ಸುಮಾರು 25 ಪಟ್ಟು ಹೆಚ್ಚಿತ್ತು. ಆದರೆ 29 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2014ರ ವಿಮರ್ಶಾ ಲೇಖನವೊಂದು, ಹೆಚ್ಚಿನ ಅಧ್ಯಯನಗಳಲ್ಲಿ ಇಂಥ ಸಂಬಂಧ ಕಂಡುಬಂದರೂ ಅದು ದುರ್ಬಲವಾಗಿಯೇ ಇದೆ ಎಂದು ತೋರಿಸಿತು. ಕೋರ್ಸಿನ ಪೀಠಿಕೆ ಮೊದಲ ಬಗೆಯ ಉತ್ಸಾಹವನ್ನಷ್ಟೇ ಹೇಳುತ್ತದೆ. ಎರಡನೆಯದನ್ನೂ ಹೇಳಿದ್ದರೆ ಕಲಿಯುವವರ ನಿರೀಕ್ಷೆ ಹದದಲ್ಲಿರುತ್ತಿತ್ತು.

ಅಳತೆಯನ್ನು ಕುರಿತ ಪಾಠ ಈ ಕೋರ್ಸಿನ ಅತ್ಯುತ್ತಮ ಭಾಗ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸನ್ನು ತಲಾ 80 ಗ್ರಾಂನ ಐದು ಪಾಲುಗಳಾಗಿ ಒಡೆದು, ಒಂದೊಂದು ಪಾಲನ್ನೂ ತೂಕದ ಯಂತ್ರದ ಮೇಲಿಟ್ಟು ತೆಗೆದ ಚಿತ್ರದೊಡನೆ ವಿವರಿಸಿರುವುದರಿಂದ, ಸಂಖ್ಯೆಯೊಂದು ಕಣ್ಣಿಗೆ ಕಾಣುವ ಪ್ರಮಾಣವಾಗುತ್ತದೆ. ಆಲೂಗಡ್ಡೆ, ಗೆಣಸಿನಂಥ ಪಿಷ್ಟ ಹೆಚ್ಚಿರುವ ಗಡ್ಡೆಗಳು ಈ 400 ಗ್ರಾಂಗೆ ಸೇರುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಲಾಗಿದೆ. ಹಣ್ಣಿನ ರಸವನ್ನು ಎಷ್ಟೇ ಕುಡಿದರೂ ದಿನಕ್ಕೆ ಒಂದೇ ಪಾಲಾಗಿ, ಅದೂ 150 ಮಿಲಿಲೀಟರ್‌ವರೆಗೆ ಮಾತ್ರ ಲೆಕ್ಕ ಹಿಡಿಯಬೇಕೆಂಬ ಬ್ರಿಟನ್ನಿನ ಸರ್ಕಾರಿ ನಿಯಮವನ್ನೂ ಕಾರಣಸಹಿತ ತಿಳಿಸಿದ್ದಾರೆ: ಹಿಂಡಿದಾಗ ನಾರಿನಂಶದ ಬಹುಭಾಗ ಉಳಿಯುವುದಿಲ್ಲ, ಸಕ್ಕರೆ ಮಾತ್ರ ಬೇಗ ದೇಹ ಸೇರುತ್ತದೆ. ತಾನು ಸಾಕಷ್ಟು ತಿನ್ನುತ್ತಿದ್ದೇನೆ ಎಂದು ನಂಬಿರುವವರಿಗೆ ತಮ್ಮ ಲೆಕ್ಕವನ್ನು ತಾವೇ ಪರೀಕ್ಷಿಸಿಕೊಳ್ಳಲು ಇಷ್ಟು ನೇರವಾದ ದಾರಿಯನ್ನು ನಾನು ಬೇರೆ ಕಡೆ ಕಂಡಿಲ್ಲ.

ಇದಾದ ಮೇಲಿನ ವಿಟಮಿನ್ನುಗಳ ಪಾಠಗಳು ದೀರ್ಘವಾಗಿವೆ, ತಪ್ಪಿಲ್ಲದೆಯೂ ಇವೆ, ಆದರೆ ಅಡುಗೆಗೆ ತಾಗುವುದಿಲ್ಲ. ಯಾವ ತರಕಾರಿಯಲ್ಲಿ ಯಾವ ವಿಟಮಿನ್ ಇದೆ ಎಂದು ನೆನಪಿಡುವುದಕ್ಕಿಂತ, ಹೆಚ್ಚು ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಿದರೆ ವಿಟಮಿನ್ ಸಿ ಅದರೊಡನೆಯೇ ಹೋಗುತ್ತದೆ, ಕ್ಯಾರೆಟ್ಟಿನ ಕ್ಯಾರೊಟಿನ್ ಸ್ವಲ್ಪ ಎಣ್ಣೆಯ ಜೊತೆ ಚೆನ್ನಾಗಿ ಹೀರಲ್ಪಡುತ್ತದೆ, ಸಕ್ಕರೆ ಉಪ್ಪು ಸೇರಿಸದೆ ಶೈತ್ಯೀಕರಿಸಿದ ತರಕಾರಿಯೂ ಒಳ್ಳೆಯದೇ ಎಂಬಂಥ ತಿಳಿವಳಿಕೆ ಒಲೆಯ ಮುಂದೆ ನಿಂತವರಿಗೆ ಹೆಚ್ಚು ಉಪಯುಕ್ತ. ಕೊಂಡದ್ದನ್ನು ಬಾಡದಂತೆ ಇಡುವುದು ಹೇಗೆ, ಸಮಯವಿಲ್ಲದ ದಿನ ಯಾವ ಹೊತ್ತಿನ ಊಟಕ್ಕೆ ಒಂದು ಪಾಲನ್ನು ಸುಲಭವಾಗಿ ಸೇರಿಸಬಹುದು ಎಂಬ ಪ್ರಶ್ನೆಗಳು ಎಲ್ಲಿಯೂ ಏಳುವುದಿಲ್ಲ. ಕೈಯಲ್ಲಿ ಹಣ ಕಡಿಮೆಯಿರುವವರ ಕಷ್ಟವನ್ನಂತೂ ಕೋರ್ಸು ಮುಟ್ಟಿಯೇ ಇಲ್ಲ. ಎಲ್ಲ ತಿಳಿದಿದ್ದೂ ಕೊಳ್ಳಲಾಗದವರಿಗೆ ಮತ್ತಷ್ಟು ತಿಳಿಸುವುದರಿಂದ ಹೆಚ್ಚೇನೂ ಬದಲಾಗದು.

ಪ್ರಗತಿಯನ್ನು ತೋರಿಸುವ ರೀತಿಗೆ ನನ್ನ ಆಕ್ಷೇಪ ಇನ್ನೂ ಗಂಭೀರವಾದದ್ದು. ಆರಂಭದ ಮತ್ತು ಕೊನೆಯ ರಸಪ್ರಶ್ನೆಗಳ ಅಂಕಗಳನ್ನು ಪಕ್ಕಪಕ್ಕದಲ್ಲಿಟ್ಟು, ಅವುಗಳ ವ್ಯತ್ಯಾಸವನ್ನೇ ಯಶಸ್ಸೆಂದು ಪ್ರಮಾಣಪತ್ರದಲ್ಲಿ ಮುದ್ರಿಸುತ್ತಾರೆ. ಕಲಿತವರು ಏನು ತಿನ್ನುತ್ತಿದ್ದಾರೆ ಎಂದು ಒಮ್ಮೆಯೂ ಕೇಳುವುದಿಲ್ಲ. ಮೊದಲ ವಾರ ಮತ್ತು ಕೋರ್ಸು ಮುಗಿದ ಕೆಲವು ತಿಂಗಳ ಬಳಿಕ ಊಟದ ದಿನಚರಿಯನ್ನು ಬರೆಸಿದ್ದರೆ ಸತ್ಯಕ್ಕೆ ಇನ್ನಷ್ಟು ಹತ್ತಿರವಾಗುತ್ತಿತ್ತು. ಜನರು ತಾವು ತಿಂದದ್ದನ್ನು ನಿಖರವಾಗಿ ಬರೆಯುವುದಿಲ್ಲವೆಂಬುದು ನಿಜ, ಆದರೂ ಆ ಅಂದಾಜು ರಸಪ್ರಶ್ನೆಯ ಅಂಕಕ್ಕಿಂತ ಮೇಲು.

ಅಡುಗೆ ಮಾಡುವ, ಆರೋಗ್ಯವಾಗಿರುವ ವಯಸ್ಕರಿಗೆ ಅಳತೆಯ ಪಾಠವೊಂದಕ್ಕಾಗಿಯಾದರೂ ಈ ಕೋರ್ಸನ್ನು ನಾನು ಶಿಫಾರಸು ಮಾಡುತ್ತೇನೆ. ಮೂತ್ರಪಿಂಡದ ಕಾಯಿಲೆಯಿಂದಾಗಿ ಪೊಟ್ಯಾಸಿಯಂ ಮಿತಿಯಲ್ಲಿಡಬೇಕಾದವರು ಮತ್ತು ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಸೇವಿಸುತ್ತಿರುವವರು ಇದರ ಸಲಹೆಗಳನ್ನು ಹಾಗೆಯೇ ಪಾಲಿಸಬಾರದು. ಹಸಿರು ಸೊಪ್ಪುಗಳಲ್ಲಿರುವ ವಿಟಮಿನ್ ಕೆ ಆ ಔಷಧದ ಪರಿಣಾಮವನ್ನು ತಗ್ಗಿಸುವುದರಿಂದ, ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಏರಿಸುವ ಮೊದಲು ವೈದ್ಯರನ್ನು ಕೇಳಬೇಕು. ಈ ಎಚ್ಚರಿಕೆ ಕೋರ್ಸಿನ ಯಾವ ಪುಟದಲ್ಲೂ ಇಲ್ಲ. ತಯಾರಕರು ಅದನ್ನು ಮೊದಲ ಪಾಠದಲ್ಲಿಯೇ, ಎಲ್ಲರ ಕಣ್ಣಿಗೂ ಬೀಳುವಂತೆ ಸೇರಿಸಬೇಕು.