ನೈಟ್ ಶೆಲ್ಟರ್ ಲೆಕ್ಕಕ್ಕೆ ಯಾವುದು ವಾಸಿ: ರಿಜಿಸ್ಟರಾ, ಕೋಬೊನಾ, ಗೂಗಲ್ ಶೀಟಾ?

ಮನೆಯಿಲ್ಲದವರು ರಾತ್ರಿ ತಂಗುವ ಬೆಂಗಳೂರಿನ ಕೆಲವು ನೈಟ್ ಶೆಲ್ಟರ್‌ಗಳಿಗೆ ಯಾರು ಬಂದರು, ಎಲ್ಲಿ ಜಾಗ ಇದೆ ಅನ್ನುವ ಲೆಕ್ಕ ಒಂದೇ ಕಡೆ ಸಿಗಬೇಕು ಅಂತ ನಾವು ಒಂದಷ್ಟು ವಾಲಂಟಿಯರ್‌ಗಳು ಮೂರು ದಾರಿ ಬಳಸಿ ನೋಡಿದೆವು: ಕಾಗದದ ರಿಜಿಸ್ಟರ್, ಕೋಬೊ ಅನ್ನುವ ಸರ್ವೆ ಆ್ಯಪ್, ಗೂಗಲ್ ಶೀಟ್. ನನ್ನ ಓಟು ಗೂಗಲ್ ಶೀಟ್‌ಗೆ. ಆದರೆ ರಾತ್ರಿ ಒಂಬತ್ತರ ಮೇಲೆ ಅದನ್ನು ಯಾರೂ ತೆರೆಯುವುದಿಲ್ಲ!

ಆ ಹೊತ್ತಿಗೆ ರಿಜಿಸ್ಟರ್ ಮತ್ತು ವಾಟ್ಸಾಪ್ ಗ್ರೂಪ್ ಜೋಡಿಯೇ ಗೆಲ್ಲುವುದು. ಬಸ್ ಸ್ಟ್ಯಾಂಡಿನಿಂದ ಯಾರೋ ಒಬ್ಬ ಅಜ್ಜನನ್ನು ಕರೆತಂದರು ಅನ್ನಿ. 'ಯಾರ ಹತ್ರ ಜಾಗ ಇದೆ?' ಅಂತ ಒಂದು ಮೆಸೇಜ್ ಹಾಕಿದರೆ ಮುಗೀತು, ಯಾವುದಾದರೂ ಶೆಲ್ಟರಿನ ಕೇರ್‌ಟೇಕರ್ 'ಕಳಿಸಿ ಸಾರ್' ಅನ್ನುತ್ತಾರೆ. ತಿಂಗಳ ಕೊನೆಗೆ ಲೆಕ್ಕ ಕೂಡಿಸಲು ಕೂತಾಗ ಮಾತ್ರ ತಲೆ ಕೆಡುತ್ತದೆ. ಒಂದು ರಿಜಿಸ್ಟರಿನಲ್ಲಿ ಮಂಜುನಾಥ, 45. ಇನ್ನೊಂದರಲ್ಲಿ ಮಂಜು, 50. ಮತ್ತೊಂದರಲ್ಲಿ ಮಂಜಪ್ಪ, ವಯಸ್ಸಿನ ಕಾಲಂ ಖಾಲಿ. ಮೂವರೋ ಒಬ್ಬರೋ? ಹಾಗಂತ ರಿಜಿಸ್ಟರ್ ಬಿಡುವ ಹಾಗೂ ಇಲ್ಲ, ತಪಾಸಣೆಗೆ ಬಂದವರು ಮೊದಲು ಕೇಳುವುದೇ ಅದನ್ನ.

ಕೋಬೊ ಟೂಲ್‌ಬಾಕ್ಸ್ ನೋಡಲು ಅಚ್ಚುಕಟ್ಟು. ಫೋನಿನಲ್ಲಿ ಕನ್ನಡದ ಫಾರ್ಮ್, ನೆಟ್ ಇಲ್ಲದಿದ್ದರೂ ತುಂಬಬಹುದು. ಫುಟ್‌ಪಾತ್, ಫ್ಲೈಓವರ್ ಕೆಳಗೆ ಮಲಗುವವರ ಸರ್ವೆಗೆ ಇದಕ್ಕಿಂತ ಒಳ್ಳೆಯದು ನಮಗೆ ಸಿಗಲಿಲ್ಲ. ದಿನದ ಹಾಜರಿಗೆ ಒಗ್ಗಲಿಲ್ಲ, ಅಷ್ಟೆ. ಹೋದ ತಿಂಗಳು ಬಂದವರೇ ಮತ್ತೆ ಬಂದರೆ ಅವರ ಹಳೆಯ ದಾಖಲೆ ಹುಡುಕಿ ಸೇರಿಸುವಷ್ಟು ಪುರುಸೊತ್ತು ಕೇರ್‌ಟೇಕರ್‌ಗೆ ಎಲ್ಲಿರುತ್ತದೆ? ಸುಮ್ನೆ ಹೊಸ ಫಾರ್ಮ್ ತುಂಬುತ್ತಾರೆ.

ಶೀಟ್‌ನಲ್ಲಿ ನಮಗೆ ದಾರಿ ಸಿಕ್ಕಿತು. ಆಧಾರ್ ಕೇಳಲಿಲ್ಲ. ಎಷ್ಟೋ ಜನರ ಹತ್ತಿರ ಅದು ಇರುವುದಿಲ್ಲ, ಕಾರ್ಡು ಕೇಳಿದರೆ ಎದ್ದು ಹೋಗುವವರೂ ಇದ್ದಾರೆ. ಬದಲಿಗೆ ಹೆಸರು, ತಾಯಿಯ ಹೆಸರು, ಊರು ಬರೆದುಕೊಂಡು ಒಂದು ನಂಬರ್ ಕೊಟ್ಟೆವು. ಇನ್ನೊಂದು ಶೆಲ್ಟರಿಗೆ ಹೋದರೂ ಅದೇ ನಂಬರ್. ಮಂಜುನಾಥ ಕೊನೆಗೂ ಒಬ್ಬರೇ ಆದರು.

ಮುಂದೆ ಎಲ್ಲಿ ಶೆಲ್ಟರ್ ಬೇಕು ಅಂತ ಯೋಜನೆ ಹಾಕಲು ಬೇಕಾಗುವುದು ಇಂಥ ಲೆಕ್ಕವೇ. ನಗರದಲ್ಲಿ ಲಕ್ಷ ಜನಸಂಖ್ಯೆಗೆ ಒಂದು ಶೆಲ್ಟರ್ ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಆದರೆ ಯಾವ ಏರಿಯಾದಲ್ಲಿ, ಯಾರಿಗೆ? ರಿಜಿಸ್ಟರಿನಲ್ಲಿ ಮಲಗಿದವರ ಹೆಸರಷ್ಟೇ ಇರುತ್ತದೆ. ಹಾಗಾಗಿ ಜಾಗ ಇಲ್ಲದೆ ವಾಪಸ್ ಹೋದವರಿಗೂ ಶೀಟ್‌ನಲ್ಲಿ ಒಂದು ಕಾಲಂ ಇಟ್ಟೆವು. ಅದರಲ್ಲಿ ಹೆಚ್ಚಾಗಿ ಕಂಡದ್ದು ಮಕ್ಕಳನ್ನು ಕಟ್ಟಿಕೊಂಡು ಬಂದ ಗಂಡ-ಹೆಂಡತಿ. ಗಂಡಸರ ಶೆಲ್ಟರಿಗೆ ಹೆಂಡತಿ ಹೋಗುವಂತಿಲ್ಲ, ಹೆಂಗಸರದ್ದಕ್ಕೆ ಗಂಡ ಹೋಗುವಂತಿಲ್ಲ. ಇಬ್ಬರೂ ರಸ್ತೆಯಲ್ಲೇ ಉಳಿಯುತ್ತಾರೆ, ಅಲ್ವಾ?

ಲಿಂಕ್ ಸಿಕ್ಕವರೆಲ್ಲ ನೋಡಬಹುದಾದ ಶೀಟ್ ಮಾತ್ರ ಬೇಡವೇ ಬೇಡ. ಮನೆಯಲ್ಲಿ ಹೊಡೆತ ತಿಂದು ಬಂದ ಹೆಂಗಸರ ಹೆಸರು ಅದರಲ್ಲಿ ಬರಲೇಬಾರದು. ಅಮೆರಿಕದಲ್ಲೂ ಇಂಥವರಿಗೆಂದೇ ಇರುವ ಕೇಂದ್ರಗಳು, ಶೆಲ್ಟರ್‌ಗಳು ಹಂಚಿಕೊಳ್ಳುವ ಎಚ್‌ಎಂಐಎಸ್ ಅನ್ನುವ ಕಂಪ್ಯೂಟರ್ ದಾಖಲೆ ವ್ಯವಸ್ಥೆಗೆ ಅವರ ಹೆಸರು ಸೇರಿಸುವಂತಿಲ್ಲ, ಬೇರೆಯೇ ದಾಖಲೆ ಇಡಬೇಕು. ನಮ್ಮ ಶೀಟ್‌ಗೆ ಹೆಂಗಸರ ಶೆಲ್ಟರಿನಿಂದ ಬರುವುದು ಖಾಲಿ ಹಾಸಿಗೆ ಎಷ್ಟು ಅನ್ನುವ ಸಂಖ್ಯೆ ಮಾತ್ರ.